ನಿಮ್ಮ ನಾಯಿಯ ಫೋಟೊ ಬೇರೆಯವರು ಹಾಕಬಹುದೇ?

ದೀಪಾವಳಿ ರಜೆಗೆ ಊರಿಗೆ ಹೊರಟವರು ನಾಯಿಯನ್ನು, ಹಣ ಪಡೆದು ಸಾಕುಪ್ರಾಣಿಗಳನ್ನು ನೋಡಿಕೊಳ್ಳುವ ಬೋರ್ಡಿಂಗ್‌ನಲ್ಲಿ ಬಿಟ್ಟು ಹೋಗಿರುತ್ತಾರೆ. ಎರಡು ದಿನ ಕಳೆಯುವಷ್ಟರಲ್ಲಿ ಪರಿಚಯದವರೊಬ್ಬರು ಒಂದು ರೀಲ್ಸ್ ಕಳಿಸಿ, ‘ಇವನು ನಿಮ್ಮ ಮನೆಯವನಲ್ವಾ?’ ಎಂದು ಕೇಳುತ್ತಾರೆ. ನೋಡಿದರೆ ಹೌದು, ಅವನೇ. ಸ್ನಾನ ಮಾಡಿಸಿ, ಕೊರಳಿಗೆ ಬಣ್ಣದ ಕರವಸ್ತ್ರ ಕಟ್ಟಿ, ಹಿಂದೆ ಒಂದು ಹಾಡು ಸೇರಿಸಿ ಹಾಕಿದ್ದಾರೆ. ಕೆಳಗೆ ಬೋರ್ಡಿಂಗ್‌ನ ಫೋನ್ ನಂಬರು, ದಿನದ ದರ. ಸಾವಿರಾರು ಜನ ನೋಡಿ ಆಗಿದೆ. ಮನೆಯವರನ್ನು ಮಾತ್ರ ಯಾರೂ ಒಂದು ಮಾತು ಕೇಳಿಲ್ಲ.

ಇದನ್ನು ನೋಡಿ ಕೆಲವರು ಹಿಗ್ಗುತ್ತಾರೆ, ಕೆಲವರಿಗೆ ಕಸಿವಿಸಿಯಾಗುತ್ತದೆ. ಮಗುವಿನಂತೆ ಸಾಕಿದ ಜೀವ ಇನ್ನೊಬ್ಬರ ಜಾಹೀರಾತಾಗಿ ನಿಂತಾಗ ಹಾಗೆ ಅನ್ನಿಸುವುದರಲ್ಲಿ ತಪ್ಪೇನೂ ಇಲ್ಲ. ಪಶುವೈದ್ಯರ ಕ್ಲಿನಿಕ್, ಗ್ರೂಮಿಂಗ್ ಅಂಗಡಿ, ಡಾಗ್ ವಾಕರ್, ಪಕ್ಕದ ಮನೆಯ ಹುಡುಗ ಎಲ್ಲರ ಕೈಯಲ್ಲೂ ಈಗ ಕ್ಯಾಮೆರಾ ಇದೆ, ಎಲ್ಲರಿಗೂ ಒಂದು ಪೇಜ್ ಇದೆ. ಹಾಗಾದರೆ ಆ ಫೋಟೊ ಯಾರದು? ಹಾಕಲು ಒಪ್ಪಿಗೆ ಬೇಕೇ? ಬೇಡವೆಂದರೆ ತೆಗೆಸುವ ದಾರಿ ಯಾವುದು? ಭಾರತದ ಕಾನೂನು ಇದಕ್ಕೆ ಏನು ಹೇಳುತ್ತದೆ ಎಂಬುದನ್ನು ಬುಡದಿಂದ ನೋಡೋಣ.

ಪ್ರಾಣಿಯ ಒಡೆತನ ಬೇರೆ, ಫೋಟೊದ ಒಡೆತನ ಬೇರೆ

ಹೆಚ್ಚಿನವರು ಎಡವುವುದು ಇಲ್ಲೇ. ನಾಯಿ ನನ್ನದು, ಆದ್ದರಿಂದ ಅದರ ಫೋಟೊ ಕೂಡ ನನ್ನದು ಎಂದುಕೊಳ್ಳುತ್ತೇವೆ. ಕಾನೂನು ಹಾಗೆ ನೋಡುವುದಿಲ್ಲ. ಚಿತ್ರಕಾರನೊಬ್ಬ ಬೀದಿಯಲ್ಲಿ ಕುಳಿತು ನಿಮ್ಮ ಹಂಚಿನ ಮನೆಯ ಚಿತ್ರ ಬರೆದ ಎಂದುಕೊಳ್ಳಿ. ಮನೆ ನಿಮ್ಮದೇ, ಅದರ ಖಾತೆ, ಕಂದಾಯ ಎಲ್ಲ ನಿಮ್ಮ ಹೆಸರಿನಲ್ಲೇ. ಆದರೆ ಚಿತ್ರ ಅವನ ಕೈಕೆಲಸ, ಆದ್ದರಿಂದ ಅವನದು. ಫೋಟೊಗೂ ಇದೇ ನ್ಯಾಯ.

ಕಾಪಿರೈಟ್, ಅಂದರೆ ಹಕ್ಕುಸ್ವಾಮ್ಯ, ಒಂದು ಕೃತಿಯನ್ನು ನಕಲು ಮಾಡುವ, ಜನರಿಗೆ ತಲುಪಿಸುವ, ಮಾರ್ಪಡಿಸುವ ಹಕ್ಕುಗಳ ಗಂಟು. ನಮ್ಮಲ್ಲಿ ಇದನ್ನು ಆಳುವುದು 1957ರ ಹಕ್ಕುಸ್ವಾಮ್ಯ ಕಾಯ್ದೆ. ಅದರ ಪ್ರಕಾರ ಫೋಟೊ ಒಂದು ‘ಕಲಾಕೃತಿ’. ಅದು ಚೆನ್ನಾಗಿ ಬಂದಿರಬೇಕು, ಕಲಾತ್ಮಕವಾಗಿರಬೇಕು ಎಂಬ ಷರತ್ತೇ ಇಲ್ಲ. ಸೋಫಾದ ಮೇಲೆ ಮಲಗಿದ ಬೆಕ್ಕನ್ನು ಮೊಬೈಲ್‌ನಲ್ಲಿ ಅಲುಗಾಡುತ್ತ ತೆಗೆದ ಚಿತ್ರಕ್ಕೂ ರಕ್ಷಣೆ ಇದೆ. ಕ್ಲಿಕ್ ಮಾಡಿದ ಕ್ಷಣದಲ್ಲೇ ಹಕ್ಕು ಹುಟ್ಟುತ್ತದೆ. ಅರ್ಜಿ, ನೋಂದಣಿ, ಮೂಲೆಯಲ್ಲೊಂದು ವಾಟರ್‌ಮಾರ್ಕ್ ಯಾವುದೂ ಕಡ್ಡಾಯವಲ್ಲ. ಬೇಕಿದ್ದವರು ದೆಹಲಿಯ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಬಹುದು, ಅದು ಮುಂದೆ ಸಾಕ್ಷ್ಯಕ್ಕೆ ಬರುತ್ತದೆ ಅಷ್ಟೆ. ಫೋಟೊ ತೆಗೆದವರ ಜೀವಮಾನವಿಡೀ, ಅವರು ತೀರಿಕೊಂಡ ಮೇಲೂ 60 ವರ್ಷ ಈ ಹಕ್ಕು ಉಳಿಯುತ್ತದೆ. ಮೊದಲು ಫೋಟೊಗಳಿಗೆ ಪ್ರಕಟಣೆಯಿಂದ 60 ವರ್ಷ ಎಂದು ಬೇರೆಯೇ ಲೆಕ್ಕವಿತ್ತು. 2012ರ ತಿದ್ದುಪಡಿ ಅದನ್ನು ತೆಗೆದುಹಾಕಿತು.

ಕ್ಯಾಮೆರಾ ಹಿಡಿದವರೇ ಒಡೆಯರು, ಆದರೆ ಯಾವಾಗಲೂ ಅಲ್ಲ

ಕಾಯ್ದೆಯ 2ನೇ ಸೆಕ್ಷನ್ ನೇರವಾಗಿ ಹೇಳುತ್ತದೆ: ಫೋಟೊದ ಕರ್ತೃ ಎಂದರೆ ಅದನ್ನು ತೆಗೆದ ವ್ಯಕ್ತಿ. ಅಕ್ಷರಶಃ ತೆಗೆದುಕೊಂಡರೆ, ಕಬ್ಬನ್ ಪಾರ್ಕ್‌ನಲ್ಲಿ ಅಪರಿಚಿತರ ಕೈಗೆ ನಿಮ್ಮ ಮೊಬೈಲ್ ಕೊಟ್ಟು ‘ನಮ್ಮಿಬ್ಬರದೂ ಒಂದು ಫೋಟೊ ತೆಗೀರಿ’ ಎಂದಾಗಲೂ ಕರ್ತೃ ಅವರೇ. ಯಾರೂ ಅದಕ್ಕೆ ಹಕ್ಕು ಕೇಳಿ ಬರುವುದಿಲ್ಲ, ಅದು ಬೇರೆ ಮಾತು.

ಪ್ರಾಣಿಯೇ ಗುಂಡಿ ಒತ್ತಿದರೆ? ಈ ಪ್ರಶ್ನೆ ಅಮೆರಿಕದ ನ್ಯಾಯಾಲಯದವರೆಗೂ ಹೋಗಿದೆ. 2011ರಲ್ಲಿ ಇಂಡೊನೇಷ್ಯಾದ ಸುಲಾವೆಸಿ ದ್ವೀಪದಲ್ಲಿ ಛಾಯಾಗ್ರಾಹಕ ಡೇವಿಡ್ ಸ್ಲೇಟರ್ ಅವರ ಕ್ಯಾಮೆರಾದಿಂದ ಕೋತಿಯೊಂದು ತನ್ನ ಮುಖದ ಚಿತ್ರವನ್ನು ತಾನೇ ತೆಗೆದುಕೊಂಡಿತ್ತು. ಚಿತ್ರದ ಹಕ್ಕು ಕೋತಿಗೇ ಸೇರಬೇಕೆಂದು ಪ್ರಾಣಿ ಹಕ್ಕುಗಳ ಸಂಘಟನೆ ಪೆಟಾ ದಾವೆ ಹೂಡಿತು. ಕಾಪಿರೈಟ್ ಕಾಯ್ದೆಯಡಿ ದಾವೆ ಹೂಡುವ ಅಧಿಕಾರ ಪ್ರಾಣಿಗಳಿಗಿಲ್ಲ ಎಂದು 2018ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ನಮ್ಮ ಕಾಯ್ದೆಯ ಮಾತೂ ವ್ಯಕ್ತಿಗಳ ಬಗ್ಗೆಯೇ.

ಭಾರತದ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಎರಡು ವಿನಾಯಿತಿಗಳಿವೆ. ಪ್ರಾಣಿ ಸಾಕಿದವರು ಇವೆರಡನ್ನೂ ತಿಳಿದಿರಬೇಕು.

ಒಂದು, ದುಡ್ಡು ಕೊಟ್ಟು ತೆಗೆಸಿದ ಫೋಟೊ. ನಾಯಿಯ ಹುಟ್ಟುಹಬ್ಬಕ್ಕೆಂದು ಫೋಟೊಗ್ರಾಫರ್ ಕರೆಸಿ, ಹಣ ಕೊಟ್ಟು, ನಿಮ್ಮ ಕೋರಿಕೆಯ ಮೇಲೆ ಫೋಟೊ ತೆಗೆಸಿದರೆ ಅದರ ಮೊದಲ ಒಡೆಯರು ನೀವು. ಬೇರೆ ಕರಾರು ಇಲ್ಲದಿದ್ದರೆ ಮಾತ್ರ. ಫೋಟೊಗ್ರಾಫರ್ ಕೊಡುವ ಕಾಗದದಲ್ಲಿ ‘ಹಕ್ಕು ನಮ್ಮಲ್ಲೇ ಉಳಿಯುತ್ತದೆ’ ಎಂದಿದ್ದು ನೀವು ಸಹಿ ಹಾಕಿದರೆ ಆ ಮಾತೇ ನಿಲ್ಲುತ್ತದೆ. ವಿಡಿಯೊಗೂ ಇದೇ ನಿಯಮ.

ಎರಡು, ಕೆಲಸದ ಭಾಗವಾಗಿ ತೆಗೆದ ಫೋಟೊ. ಬೋರ್ಡಿಂಗ್‌ನ ನೌಕರ ತನ್ನ ಕೆಲಸದ ಅಂಗವಾಗಿ ತೆಗೆದ ಚಿತ್ರದ ಒಡೆಯ ಸಾಮಾನ್ಯವಾಗಿ ಅವನ ಮಾಲೀಕ. ಇಲ್ಲಿ ಒಂದು ಸೂಕ್ಷ್ಮವಿದೆ. ಬೋರ್ಡಿಂಗ್‌ಗೆ ನೀವು ಹಣ ಕೊಟ್ಟದ್ದು ನಾಯಿಯನ್ನು ನೋಡಿಕೊಳ್ಳಲು, ಫೋಟೊ ತೆಗೆಯಲು ಅಲ್ಲ. ಹಾಗಾಗಿ ಮೊದಲ ವಿನಾಯಿತಿ ನಿಮಗೆ ತಾನಾಗಿ ಸಿಗುವುದಿಲ್ಲ. ‘ದಿನಕ್ಕೆರಡು ಫೋಟೊ ಕಳಿಸುತ್ತೇವೆ’ ಎಂಬುದು ಪ್ಯಾಕೇಜಿನಲ್ಲೇ ಸೇರಿದ್ದರೆ, ಹಣ ಕೊಟ್ಟು ತೆಗೆಸಿದ್ದು ಎಂದು ವಾದಿಸಲು ಒಂದಿಷ್ಟು ನೆಲೆ ಸಿಗುತ್ತದೆ. ಅದು ವಾದವಷ್ಟೇ, ಖಾತರಿಯಲ್ಲ.

ಹಣ ಕೊಟ್ಟು ತೆಗೆಸಿದ ಫೋಟೊದ ತಕರಾರಿಗೆ 1945ರ ನ್ಯೂಯಾರ್ಕ್ ಪ್ರಕರಣವೊಂದು ಒಳ್ಳೆಯ ಉದಾಹರಣೆ. ಮಹಿಳೆಯೊಬ್ಬರು ತಮ್ಮ ನಾಯಿಯ ಫೋಟೊಗಳನ್ನು ‘ಇಲ್ಲಾ’ (Ylla) ಎಂಬ ಹೆಸರಿನ ಖ್ಯಾತ ಪ್ರಾಣಿ ಛಾಯಾಗ್ರಾಹಕಿಯಿಂದ ತೆಗೆಸಿದ್ದರು. ಅದರಲ್ಲೊಂದು ಚಿತ್ರ ಜಾಹೀರಾತಿನಲ್ಲಿ ಕಾಣಿಸಿಕೊಂಡಿತು. ಮಹಿಳೆ ಕೋರ್ಟಿಗೆ ಹೋದರು. ಖಾಸಗಿತನದ ಹಕ್ಕು ಮನುಷ್ಯರಿಗೆ ಇರುವುದು, ನಾಯಿಯ ಚಿತ್ರಕ್ಕೆ ಅದು ಅನ್ವಯಿಸುವುದಿಲ್ಲ ಎಂದು ಕೋರ್ಟ್ ಹೇಳಿತು. ಆದರೆ ಗ್ರಾಹಕರಾಗಿ ತೆಗೆಸಿದ ಫೋಟೊಗಳ ಮೇಲೆ ಅವರಿಗಿದ್ದ ಹಕ್ಕನ್ನು ಎತ್ತಿ ಹಿಡಿಯಿತು. ನಾಯಿಯ ಮಾನದ ಹೆಸರಿನಲ್ಲಿ ಸೋತದ್ದನ್ನು ಅವರು ವ್ಯವಹಾರದ ಹೆಸರಿನಲ್ಲಿ ಗೆದ್ದರು. ಇದೇ ‘ಇಲ್ಲಾ’ ಹತ್ತು ವರ್ಷಗಳ ನಂತರ, 1955ರಲ್ಲಿ, ನಮ್ಮ ರಾಜಸ್ಥಾನದ ಭರತ್‌ಪುರದಲ್ಲಿ ಎತ್ತಿನಗಾಡಿ ಓಟದ ಚಿತ್ರ ತೆಗೆಯುವಾಗ ಜೀಪಿನಿಂದ ಬಿದ್ದು ತೀರಿಕೊಂಡರು.

ಪ್ರಾಣಿಗೆ ಖಾಸಗಿತನ ಉಂಟೇ?

ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪು ಮಾತಾಡುವುದು ಮನುಷ್ಯರ ಖಾಸಗಿತನದ ಬಗ್ಗೆ. ಪ್ರಾಣಿಗಳನ್ನು ಕ್ರೌರ್ಯದಿಂದ ಕಾಪಾಡಲು 1960ರಿಂದಲೇ ಬೇರೆ ಕಾಯ್ದೆ ಇದೆ. ಆದರೆ ನಾಯಿ, ಬೆಕ್ಕು, ಎತ್ತುಗಳ ‘ಮುಖದ ಮೇಲಿನ ಹಕ್ಕು’ ಎಂಬುದೊಂದು ನಮ್ಮ ಕಾನೂನಿನಲ್ಲಿಲ್ಲ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಶೃಂಗಾರ ಮಾಡಿ ನಿಲ್ಲಿಸಿದ ಹಳ್ಳಿಕಾರ್ ಜೋಡಿಯ ಫೋಟೊವನ್ನು ಯಾರು ಬೇಕಾದರೂ ತೆಗೆಯಬಹುದು, ಹಾಕಬಹುದು. ‘ನನ್ನ ಎತ್ತು, ನನ್ನನ್ನು ಕೇಳಬೇಕಿತ್ತು’ ಎಂಬ ರೈತನ ಮಾತು ಮರ್ಯಾದೆಯ ದೃಷ್ಟಿಯಿಂದ ಸರಿಯಾದದ್ದೇ. ಕೇಳಿ ಹಾಕುವುದೇ ಒಳ್ಳೆಯ ಪದ್ಧತಿ ಎಂದು ನಾನೂ ನಂಬುತ್ತೇನೆ. ಕೋರ್ಟಿನಲ್ಲಿ ಮಾತ್ರ ಅಷ್ಟರಿಂದಲೇ ಕೇಸು ನಿಲ್ಲದು.

ಪ್ರಾಣಿಯ ಜತೆಗೆ ನೀವು ಕಾಣಿಸಿದರೆ ವಿಷಯ ಬದಲಾಗುತ್ತದೆ. ಫೋಟೊವನ್ನು ಒಮ್ಮೆ ಹಿಗ್ಗಿಸಿ ನೋಡಿ. ಕೊರಳಪಟ್ಟಿಯ ಹಿತ್ತಾಳೆ ಬಿಲ್ಲೆಯ ಮೇಲೆ ನಾಯಿಯ ಹೆಸರು, ಅದರ ಕೆಳಗೆ ಹತ್ತು ಅಂಕಿಯ ನಿಮ್ಮ ಮೊಬೈಲ್ ನಂಬರು. ಹಿಂದೆ ಗೇಟಿನ ಮೇಲೆ ಮನೆ ನಂಬರು, ಅಡ್ಡರಸ್ತೆಯ ಫಲಕ. ಪಕ್ಕದಲ್ಲಿ ಶಾಲೆಯ ಸಮವಸ್ತ್ರದಲ್ಲಿ ನಿಂತ ಮಗು. ಕ್ಲಿನಿಕ್‌ನ ಮೇಜಿನ ಮೇಲೆ ತೆರೆದಿಟ್ಟ ಲಸಿಕೆ ಪುಸ್ತಕದಲ್ಲಿ ನಿಮ್ಮ ಹೆಸರು, ವಿಳಾಸ. ಇವೆಲ್ಲ ನಾಯಿಯ ವಿವರಗಳಲ್ಲ, ಮನೆಯವರ ವಿವರಗಳು. ದುಬಾರಿ ತಳಿಯ ನಾಯಿ ಇರುವ ಮನೆ ಯಾವುದು, ಮನೆಯವರು ಊರಲ್ಲಿಲ್ಲದ ದಿನ ಯಾವುದು ಎಂಬುದು ಒಂದೇ ಪೋಸ್ಟಿನಿಂದ ಗೊತ್ತಾಗಿಬಿಡಬಹುದು. ಕಾಪಿರೈಟ್‌ಗಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದದ್ದು ಇದಕ್ಕೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಂಥ ಮಾಹಿತಿಗಾಗಿಯೇ ಬಂದದ್ದು. ಗುರುತು ಹಿಡಿಯಬಹುದಾದ ವ್ಯಕ್ತಿಯ ಮಾಹಿತಿಯನ್ನು ಸಂಸ್ಥೆಯೊಂದು ಬಳಸಬೇಕಾದರೆ, ಕಾಯ್ದೆಯೇ ಹೇಳಿದ ಕೆಲವು ಸಂದರ್ಭಗಳನ್ನು ಬಿಟ್ಟರೆ, ಆ ವ್ಯಕ್ತಿಯ ಒಪ್ಪಿಗೆ ಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೂ ಪಡೆಯಬಹುದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಯಾಗುತ್ತವೆ. ಮನೆಮಂದಿ, ಸ್ನೇಹಿತರು ತಮ್ಮ ಸ್ವಂತಕ್ಕೆ ಬಳಸುವುದಕ್ಕೆ ಈ ಕಾಯ್ದೆ ಅಡ್ಡ ಬರುವುದಿಲ್ಲ. ನೀವೇ ಬಹಿರಂಗವಾಗಿ ಹಾಕಿಕೊಂಡ ಮಾಹಿತಿಗೂ ಇದರ ರಕ್ಷಣೆ ಇಲ್ಲ.

ಬೋರ್ಡಿಂಗ್ ಫಾರ್ಮಿನ ಆ ಒಂದು ಸಾಲು

ಫೋಟೊದ ಒಡೆತನ ಅವರದು, ಪ್ರಾಣಿಗೆ ಖಾಸಗಿತನವಿಲ್ಲ. ಹಾಗಾದರೆ ಸಾಕಿದವರ ಕೈಯಲ್ಲಿ ಉಳಿಯುವುದೇನು? ಉಳಿಯುವುದು ಕರಾರು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಸಾಮಾನ್ಯರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಅಸ್ತ್ರ ಅದೇ.

ಬೋರ್ಡಿಂಗ್, ಡೇ ಕೇರ್, ಗ್ರೂಮಿಂಗ್‌ನವರು ನಾಯಿ ಬಿಡುವ ದಿನ ಒಂದು ಫಾರ್ಮ್ ಕೊಡುತ್ತಾರೆ. ರೇಬಿಸ್ ಲಸಿಕೆ ಯಾವಾಗ ಹಾಕಿಸಿದ್ದು, ಊಟ ಏನು, ಬೇರೆ ನಾಯಿಗಳ ಜತೆ ಹೊಂದಿಕೊಳ್ಳುತ್ತದೆಯೇ, ತುರ್ತಿದ್ದರೆ ಯಾರಿಗೆ ಫೋನ್ ಮಾಡಬೇಕು. ಇವುಗಳ ನಡುವೆ ಎಲ್ಲೋ, ಮೈಮೇಲೆ ಉಣ್ಣೆಹುಳು ಕಂಡರೆ ಹೆಚ್ಚುವರಿ ಶುಲ್ಕ ಎಂಬ ಸಾಲಿನ ಆಚೀಚೆ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿರಬಹುದು: ನಮ್ಮಲ್ಲಿರುವಾಗ ತೆಗೆದ ಫೋಟೊ, ವಿಡಿಯೊಗಳನ್ನು ಪ್ರಚಾರಕ್ಕೆ ಬಳಸಲು ಮಾಲೀಕರ ಒಪ್ಪಿಗೆ ಇದೆ. ಬಸ್ಸಿಗೆ ಹೊತ್ತಾಯಿತೆಂದು ಗಡಿಬಿಡಿಯಲ್ಲಿ ಸಹಿ ಹಾಕಿದರೆ, ಆಮೇಲೆ ರೀಲ್ಸ್ ನೋಡಿ ಬೇಸರಪಟ್ಟು ಫಲವಿಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಅದು ನೀವು ಒಪ್ಪಿದ ಷರತ್ತು.

ಅದಕ್ಕೇ ಆ ಸಾಲನ್ನು ಹುಡುಕಿ. ಇಷ್ಟವಿಲ್ಲದಿದ್ದರೆ ಪೆನ್ನಿನಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಅವರಿಂದಲೂ ಸಹಿ ಹಾಕಿಸಿಕೊಳ್ಳಿ. ಆ ಸಾಲೇ ಇಲ್ಲದಿದ್ದರೆ ಸುಮ್ಮನಿರಬೇಡಿ. ಸಾಲು ಇಲ್ಲ ಎಂದರೆ ನಿಷೇಧವೂ ಇಲ್ಲ ಎಂದಾಯಿತು. ಖಾಲಿ ಜಾಗದಲ್ಲಿ ಕೈಬರಹದಲ್ಲಿ ಬರೆದರೂ ನಡೆಯುತ್ತದೆ: ‘ನನ್ನ ನಾಯಿಯ ಫೋಟೊ, ವಿಡಿಯೊಗಳನ್ನು ನನಗೆ ಕಳಿಸುವುದಕ್ಕೆ ಮಾತ್ರ ತೆಗೆಯಬಹುದು. ಸಾರ್ವಜನಿಕವಾಗಿ ಹಾಕಬೇಕಾದರೆ ಮೊದಲು ನನ್ನ ಲಿಖಿತ ಒಪ್ಪಿಗೆ ಪಡೆಯಬೇಕು.’ ಅರ್ಧ ಒಪ್ಪಿಗೆಯೂ ಇರಬಹುದು. ಫೋಟೊ ಹಾಕಲಿ, ಆದರೆ ಹೆಸರು, ಬಡಾವಣೆ ಬೇಡ. ನಾಯಿ ಮನೆಗೆ ಮರಳಿದ ಮೇಲಷ್ಟೇ ಹಾಕಲಿ. ಶಸ್ತ್ರಚಿಕಿತ್ಸೆಯ ಚಿತ್ರ ಬೇಡ. ಒಳ್ಳೆಯ ಸಂಸ್ಥೆಗಳು ಇದಕ್ಕೆ ತಕರಾರು ಮಾಡುವುದಿಲ್ಲ. ತಕರಾರು ಮಾಡಿದರೆ ಅಲ್ಲಿ ಬಿಡಬೇಕೇ ಎಂದು ಯೋಚಿಸಲು ಅದೊಂದು ಕಾರಣ.

ಫಾರ್ಮ್ ಇಲ್ಲದ ಕಡೆ, ಉದಾಹರಣೆಗೆ ಡಾಗ್ ವಾಕರ್ ಹುಡುಗನಿಗೆ, ಒಂದು ವಾಟ್ಸ್‌ಆ್ಯಪ್ ಸಂದೇಶ ಸಾಕು. ‘ಫೋಟೊ ನನಗೆ ಕಳಿಸಪ್ಪ, ಸ್ಟೇಟಸ್‌ಗೆ ಹಾಕಬೇಡ’ ಎಂದು ಬರೆದು, ಅವನು ‘ಆಯ್ತು ಮೇಡಂ’ ಎಂದರೆ ಅದೂ ಒಂದು ದಾಖಲೆಯೇ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 4ನೇ ಸೆಕ್ಷನ್ ವಿದ್ಯುನ್ಮಾನ ಬರಹವನ್ನೂ ಬರಹವೆಂದು ಒಪ್ಪುತ್ತದೆ.

ಅದೇ ಕರಾರು ಕಾಯ್ದೆಯಲ್ಲಿ ಇನ್ನೊಂದು ಉಪಯುಕ್ತ ಮಾತಿದೆ. ಒಂದು ಉದ್ದೇಶಕ್ಕಾಗಿ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಒಪ್ಪಿಸಿ, ಕೆಲಸ ಮುಗಿದ ಮೇಲೆ ವಾಪಸು ಪಡೆಯುವ ವ್ಯವಹಾರಕ್ಕೆ ವಕೀಲರು ಬೇಲ್‌ಮೆಂಟ್ ಎನ್ನುತ್ತಾರೆ. ನಾಯಿಯನ್ನು ವಸ್ತು ಎನ್ನಲು ಮನಸ್ಸು ಬಾರದು, ಆದರೂ ಕಾನೂನಿನ ಕಣ್ಣಿಗೆ ಅದು ಚರ ಆಸ್ತಿ. ಒಪ್ಪಿಕೊಂಡ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿ ಹಾನಿಯಾದರೆ, ವಶಕ್ಕೆ ತೆಗೆದುಕೊಂಡವರು ಪರಿಹಾರ ಕೊಡಬೇಕು ಎನ್ನುತ್ತದೆ 154ನೇ ಸೆಕ್ಷನ್. ಕಾಯ್ದೆಯೇ ಕೊಡುವ ನಿದರ್ಶನ ಕುದುರೆಯದು: ಒಬ್ಬ ತಾನೇ ಸವಾರಿ ಮಾಡಲೆಂದು ಕುದುರೆ ಪಡೆದು, ಅದನ್ನು ಮನೆಯವರೊಬ್ಬರಿಗೆ ಕೊಡುತ್ತಾನೆ. ಅವರು ಜೋಪಾನವಾಗಿಯೇ ಓಡಿಸಿದರೂ ಕುದುರೆ ಆಕಸ್ಮಿಕವಾಗಿ ಬಿದ್ದು ಗಾಯಗೊಂಡರೆ, ಪಡೆದವನು ಪರಿಹಾರ ಕೊಡಬೇಕು. ನೋಡಿಕೊಳ್ಳಲೆಂದು ಬಿಟ್ಟ ನಾಯಿಯನ್ನು ನಿಮಗೆ ಹೇಳದೆ ಈಜುಕೊಳದ ಬಳಿ ಶೂಟಿಂಗಿಗೆ ಕರೆದೊಯ್ದು, ಅದು ಜಾರಿ ಕಾಲು ಮುರಿದುಕೊಂಡರೆ ಈ ಸೆಕ್ಷನ್ ನೆನಪಿಗೆ ಬರಬೇಕು. ಬರೀ ಫೋಟೊ ತೆಗೆದದ್ದರಿಂದ ನಾಯಿಗೆ ಹಾನಿಯಾಗಿಲ್ಲವಾದರೆ ಇದು ಕೆಲಸಕ್ಕೆ ಬಾರದು.

ನೀವೇ ತೆಗೆದ ಫೋಟೊ ಇನ್ನೊಬ್ಬರು ಎತ್ತಿಕೊಂಡರೆ

ಇಲ್ಲಿ ಆಟ ತಿರುಗುತ್ತದೆ, ಏಕೆಂದರೆ ಈಗ ಹಕ್ಕು ನಿಮ್ಮದು. ನೀವು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ ನಿಮ್ಮ ಬೆಕ್ಕಿನ ಚಿತ್ರವನ್ನು ಪೆಟ್ ಶಾಪ್‌ವೊಂದು ಇಳಿಸಿಕೊಂಡು ತನ್ನ ಪೋಸ್ಟರ್‌ಗೆ ಬಳಸಿದರೆ ಅದು ಹಕ್ಕುಸ್ವಾಮ್ಯದ ಉಲ್ಲಂಘನೆ.

‘ಒಮ್ಮೆ ಹಾಕಿದ ಮೇಲೆ ಅದು ಎಲ್ಲರದು’ ಎಂಬ ನಂಬಿಕೆ ತಪ್ಪು. ಫೋಟೊ ಹಾಕುವಾಗ ನೀವು ಆ ತಾಣದ ಕಂಪನಿಗೆ ಅದನ್ನು ತೋರಿಸಲು, ಹಂಚಲು ಲೈಸೆನ್ಸ್ ಕೊಟ್ಟಿರುತ್ತೀರಿ. ಒಡೆತನ ನಿಮ್ಮಲ್ಲೇ ಇರುತ್ತದೆ. ಆ ಲೈಸೆನ್ಸ್ ಕಂಪನಿಗೆ ಸೇರಿದ್ದು, ಬೀದಿಯ ಅಂಗಡಿಗಲ್ಲ. ತಾಣವೇ ಕೊಟ್ಟಿರುವ ಶೇರ್ ಗುಂಡಿ ಒತ್ತಿ ನಿಮ್ಮ ಪೋಸ್ಟನ್ನು ಹಂಚುವುದಕ್ಕೂ, ಚಿತ್ರವನ್ನು ಸ್ಕ್ರೀನ್‌ಶಾಟ್ ತೆಗೆದು ಹೊಸದಾಗಿ ಹಾಕುವುದಕ್ಕೂ ಬಹಳ ವ್ಯತ್ಯಾಸವಿದೆ. ‘ಕೃಪೆ: ಅಂತರ್ಜಾಲ’ ಎಂದು ಬರೆಯುವುದಾಗಲಿ, ನಿಮ್ಮ ಹೆಸರನ್ನೇ ಹಾಕಿ ಟ್ಯಾಗ್ ಮಾಡುವುದಾಗಲಿ ಅನುಮತಿಗೆ ಸಮ ಅಲ್ಲ. ಹಕ್ಕುಸ್ವಾಮ್ಯ ಕಾಯ್ದೆಯ 30ನೇ ಸೆಕ್ಷನ್ ಹೇಳುವುದು ಬರಹದಲ್ಲಿ ಕೊಟ್ಟ ಲೈಸೆನ್ಸ್ ಬಗ್ಗೆ.

ಎಲ್ಲ ಬಳಕೆಯೂ ತಪ್ಪಲ್ಲ. 52ನೇ ಸೆಕ್ಷನ್ ಖಾಸಗಿ ಬಳಕೆ, ವಿಮರ್ಶೆ, ಪ್ರಚಲಿತ ಘಟನೆಯ ವರದಿಗಾರಿಕೆಗೆ ನ್ಯಾಯಯುತವಾಗಿ ಬಳಸಲು ಬಿಡುತ್ತದೆ. ನಿಮ್ಮ ಫೋಟೊವನ್ನು ಒಬ್ಬರು ತಮ್ಮ ಮೊಬೈಲ್‌ನ ವಾಲ್‌ಪೇಪರ್ ಮಾಡಿಕೊಂಡರೆ ಹೋರಾಡುವುದಕ್ಕೇನೂ ಇಲ್ಲ. ಮಾರಾಟದ ಸರಕಿನ ಮೇಲೆ ಅಚ್ಚಾಗುವುದು ಬೇರೆ.

ಸ್ವಂತ ಫೋಟೊದ ಹಕ್ಕು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಎರಡು ಪ್ರಾಣಿಗಳ ಕತೆ ಸಾಕು. ಜಪಾನಿನ ಕಬೊಸು ಎಂಬ ಶಿಬಾ ಇನು ನಾಯಿಯ ಓರೆನೋಟದ ಫೋಟೊವನ್ನು ಅದರ ಒಡತಿ, ಶಿಶುವಿಹಾರದ ಶಿಕ್ಷಕಿ ಅತ್ಸುಕೊ ಸಾತೊ, 2010ರಲ್ಲಿ ತಾವೇ ತೆಗೆದು ತಮ್ಮ ಬ್ಲಾಗ್‌ನಲ್ಲಿ ಹಾಕಿದ್ದರು. ಅದು ‘ಡೋಜ್’ ಮೀಮ್ ಆಗಿ ಜಗತ್ತೆಲ್ಲ ಸುತ್ತಿತು. 2013ರಲ್ಲಿ ಡೋಜ್‌ಕಾಯಿನ್ ಎಂಬ ಕ್ರಿಪ್ಟೊ ನಾಣ್ಯದ ಮುಖವೂ ಆಯಿತು. ಮೂಲ ಚಿತ್ರದ ಡಿಜಿಟಲ್ ಆವೃತ್ತಿ 2021ರಲ್ಲಿ ಸುಮಾರು 40 ಲಕ್ಷ ಡಾಲರಿಗೆ ಮಾರಾಟವಾಯಿತು. ಸಾತೊ ಅವರೇ ಕ್ಯಾಮೆರಾ ಹಿಡಿದಿದ್ದರಿಂದ ನಾಯಿ, ಫೋಟೊ ಎರಡೂ ಅವರದೇ ಆಗಿದ್ದವು.

ಇನ್ನೊಂದು, ಸಿಡುಕು ಮೋರೆಯಿಂದ ‘ಗ್ರಂಪಿ ಕ್ಯಾಟ್’ ಎಂದು ಹೆಸರಾದ ಅಮೆರಿಕದ ಬೆಕ್ಕು. ಅದರ ಮನೆಯವರು ಕಂಪನಿ ಕಟ್ಟಿ, ಚಿತ್ರ ಮತ್ತು ಹೆಸರನ್ನು ಕಾಪಿರೈಟ್, ಟ್ರೇಡ್‌ಮಾರ್ಕ್ ಎರಡರಲ್ಲೂ ಭದ್ರಮಾಡಿಕೊಂಡಿದ್ದರು. ತಂಪು ಕಾಫಿಗೆ ಮಾತ್ರ ಲೈಸೆನ್ಸ್ ಪಡೆದಿದ್ದ ಪಾನೀಯ ಕಂಪನಿಯೊಂದು ಆ ಮುಖವನ್ನು ಬೇರೆ ಸರಕುಗಳಿಗೂ ಬಳಸಿತು. ಕ್ಯಾಲಿಫೋರ್ನಿಯಾದ ಜ್ಯೂರಿ 2018ರಲ್ಲಿ 7,10,001 ಡಾಲರ್ ಪರಿಹಾರ ಕೊಡಿಸಿತು. ಇಲ್ಲೂ ಗೆಲ್ಲಿಸಿದ್ದು ಬೆಕ್ಕಿನ ಖಾಸಗಿತನ ಅಲ್ಲ. ಫೋಟೊ, ಹೆಸರು, ಕರಾರು.

‘ಈ ನಾಯಿ ಕಚ್ಚುತ್ತೆ, ಹುಷಾರ್’

ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಜಗಳ ಹೊತ್ತಿಕೊಳ್ಳುವುದು ಹೀಗೆ. ಯಾರೋ ನಿಮ್ಮ ನಾಯಿಯ ಫೋಟೊ ಹಾಕಿ, ಫ್ಲ್ಯಾಟ್ ನಂಬರು ಬರೆದು, ಮಕ್ಕಳ ಮೇಲೆ ಎರಗುತ್ತದೆ ಎನ್ನುತ್ತಾರೆ. ಫೋಟೊ ಅವರೇ ತೆಗೆದದ್ದಾದರೆ ಕಾಪಿರೈಟ್ ನಿಮ್ಮ ಸಹಾಯಕ್ಕೆ ಬರುವುದಿಲ್ಲ. ಆದರೆ ಸುಳ್ಳು ಆರೋಪದಿಂದ ನಿಮ್ಮ ಹೆಸರಿಗೆ ಧಕ್ಕೆಯಾದರೆ ಅದು ಮಾನನಷ್ಟದ ಪ್ರಶ್ನೆ, ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಮಾನ ಇಲ್ಲಿ ನಾಯಿಯದಲ್ಲ, ಸಾಕಿದವರದು. ಆರೋಪ ನಿಜವಾಗಿದ್ದು, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದಾದರೆ ಅದು ಮಾನನಷ್ಟವಾಗದು. ನಾಯಿ ನಿಜಕ್ಕೂ ಕಚ್ಚಿದ್ದರೆ ಫೋಟೊ ತೆಗೆಸುವ ಮಾತು ಆಮೇಲೆ. ಮೊದಲು ಕಚ್ಚಿಸಿಕೊಂಡವರಿಗೆ ರೇಬಿಸ್ ಚುಚ್ಚುಮದ್ದು ಆಗಬೇಕು.

ನಿಮ್ಮ ಮರಿ ಮಾರಾಟಕ್ಕಿದೆ ಎಂಬ ಜಾಹೀರಾತು ಕಂಡರೆ

ಎಲ್ಲಕ್ಕಿಂತ ಕೆಟ್ಟ ಬಳಕೆ ಇದು. ಮುದ್ದಾದ ಮರಿಯ ಫೋಟೊವನ್ನು ಕದ್ದು ‘ಮಾರಾಟಕ್ಕಿದೆ’ ಎಂದು ಹಾಕುತ್ತಾರೆ, ಮುಂಗಡ ತರಿಸಿಕೊಳ್ಳುತ್ತಾರೆ, ಆಮೇಲೆ ಸಾಗಣೆ ಖರ್ಚು ಎಂದು ಇನ್ನಷ್ಟು ಕೇಳುತ್ತಾರೆ, ಕೊನೆಗೆ ಫೋನ್ ಸ್ವಿಚ್ ಆಫ್. ಹಣ ಕಳೆದುಕೊಂಡವರು ಫೋಟೊದ ಜಾಡು ಹಿಡಿದು ನಿಮ್ಮನ್ನೇ ಹುಡುಕಿಕೊಂಡು ಬರಬಹುದು. ಇದು ಬರೀ ಕಾಪಿರೈಟ್ ವಿಷಯವಾಗಿ ಉಳಿಯದೆ ವಂಚನೆಯಾಗುತ್ತದೆ. ಕಂಪ್ಯೂಟರ್ ಅಥವಾ ಮೊಬೈಲ್ ಮೂಲಕ ಬೇರೆಯವರ ಸೋಗು ಹಾಕಿ ಮೋಸ ಮಾಡಿದವರಿಗೆ ಐಟಿ ಕಾಯ್ದೆಯ 66ಡಿ ಸೆಕ್ಷನ್ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ.

ಇಂಥದ್ದು ಕಂಡರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಕೂಡಲೇ ದೂರು ದಾಖಲಿಸಿ. ಹಣ ಕಳೆದುಕೊಂಡವರು 1930ಕ್ಕೆ ಎಷ್ಟು ಬೇಗ ಕರೆ ಮಾಡುತ್ತಾರೋ ಅಷ್ಟು ಒಳ್ಳೆಯದು, ಹಣ ಕೈಬದಲಾಗುವ ಮೊದಲು ಖಾತೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ನಿಮ್ಮ ಸ್ವಂತ ಪೇಜ್‌ನಲ್ಲಿ ‘ಈ ಮರಿ ಮಾರಾಟಕ್ಕಿಲ್ಲ, ಹಣ ಕಳಿಸಬೇಡಿ’ ಎಂದು ಹಾಕಿದರೆ ಇನ್ನೊಬ್ಬರಾದರೂ ಉಳಿದುಕೊಳ್ಳುತ್ತಾರೆ.

ತೆಗೆಸುವುದು ಹೇಗೆ?

ಮೊದಲ ಕೆಲಸ ಸಾಕ್ಷ್ಯ. ಸಿಟ್ಟಿನಲ್ಲಿ ಕಾಮೆಂಟ್ ಹಾಕಿದರೆ ಅವರು ಪೋಸ್ಟ್ ಅಳಿಸಿ ಕೈತೊಳೆದುಕೊಳ್ಳುತ್ತಾರೆ. ಪೋಸ್ಟಿನ ಲಿಂಕ್, ಹಾಕಿದ ಖಾತೆಯ ಹೆಸರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ನಿಮ್ಮದೇ ಫೋಟೊ ಆದರೆ ಮೊಬೈಲ್‌ನಲ್ಲಿರುವ ಮೂಲ ಕಡತವನ್ನು ಹಾಗೇ ಉಳಿಸಿಕೊಳ್ಳಿ; ಯಾವ ದಿನ, ಯಾವ ಸಾಧನದಿಂದ ತೆಗೆದದ್ದು ಎಂಬ ವಿವರ ಅದರೊಳಗೇ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ ಪ್ರತಿಯಲ್ಲಿ ಆ ವಿವರ ಅಳಿಸಿಹೋಗಿರುತ್ತದೆ. ಮುಂದೆ ಕೋರ್ಟ್ ಮೆಟ್ಟಿಲು ಹತ್ತಬೇಕಾದರೆ ಇಂಥ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ.

ಆಮೇಲೆ ನೇರವಾಗಿ ಕೇಳಿ. ಸಣ್ಣ ಅಂಗಡಿಯವರು, ಕ್ಲಿನಿಕ್‌ನವರು ಕೆಟ್ಟ ಉದ್ದೇಶದಿಂದ ಹಾಕಿರುವುದಿಲ್ಲ. ‘ಸರ್, ನಮ್ಮ ನಾಯಿಯ ಫೋಟೊದಲ್ಲಿ ನನ್ನ ನಂಬರು ಕಾಣುತ್ತಿದೆ, ದಯವಿಟ್ಟು ತೆಗೆದುಬಿಡಿ’ ಎಂದು ಕಾರಣ ಸಹಿತ ಬರೆದರೆ ಅರ್ಧ ತಕರಾರು ಅಲ್ಲೇ ಮುಗಿಯಬಹುದು.

ಕೇಳಿದರೂ ತೆಗೆಯದಿದ್ದರೆ ತಾಣಕ್ಕೇ ದೂರು ಕೊಡಬೇಕು. ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಯೂಟ್ಯೂಬ್‌ಗಳಲ್ಲಿ ಕಾಪಿರೈಟ್ ದೂರಿಗೆಂದೇ ಪ್ರತ್ಯೇಕ ಫಾರ್ಮ್ ಇದೆ. ಫೋಟೊದ ಹಕ್ಕು ನಿಮ್ಮದಾಗಿದ್ದರೆ ಮಾತ್ರ ಅದನ್ನು ತುಂಬಿ. ಬೋರ್ಡಿಂಗ್‌ನವರು ತೆಗೆದ ಫೋಟೊಗೆ ನನ್ನದೆಂದು ದೂರು ಕೊಟ್ಟರೆ ಸುಳ್ಳು ದೂರಾಗುತ್ತದೆ. ಅಲ್ಲಿ ಬಳಸಬೇಕಾದದ್ದು ಖಾಸಗಿ ಮಾಹಿತಿ ಬಯಲಾಗಿದೆ ಎಂಬ ದೂರಿನ ದಾರಿ. ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಮತ್ತು 2013ರ ನಿಯಮಗಳ ಪ್ರಕಾರ, ಸರಿಯಾದ ಲಿಖಿತ ದೂರು ತಲುಪಿದ 36 ಗಂಟೆಯೊಳಗೆ ತಾಣ ಆ ಚಿತ್ರ ಸಿಗದಂತೆ ಮಾಡಬೇಕು. ಆ ತಡೆ 21 ದಿನದ ಮಟ್ಟಿಗೆ. ಅಷ್ಟರಲ್ಲಿ ನೀವು ಕೋರ್ಟ್ ಆದೇಶ ತರದಿದ್ದರೆ ತಾಣ ಚಿತ್ರವನ್ನು ಮತ್ತೆ ತೋರಿಸಬಹುದು. ಈ ಗಡುವು ಗೊತ್ತಿಲ್ಲದೆ ‘ತೆಗೆಸಿದ್ದೆ, ಮತ್ತೆ ಬಂದಿದೆ’ ಎಂದು ಕಂಗಾಲಾಗುವವರಿದ್ದಾರೆ. ಇದಲ್ಲದೆ 2021ರ ಐಟಿ ನಿಯಮಗಳ ಪ್ರಕಾರ ಪ್ರತಿ ತಾಣಕ್ಕೂ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು. ಅಲ್ಲಿ ಸಿಕ್ಕ ಉತ್ತರ ಸಮಾಧಾನ ತರದಿದ್ದರೆ ಕೇಂದ್ರ ಸರ್ಕಾರ ರಚಿಸಿರುವ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು.

ಕೋರ್ಟಿನ ದಾರಿ ದೊಡ್ಡ ವಾಣಿಜ್ಯ ಬಳಕೆಗೆ ಮಾತ್ರ ಸೂಕ್ತ. ವಕೀಲರ ನೋಟಿಸ್, ನಂತರ ತಡೆಯಾಜ್ಞೆ ಮತ್ತು ಪರಿಹಾರ ಕೋರಿ ದಾವೆ. ಸಾಮಾನ್ಯರಿಗೆ ಅನುಕೂಲವಾದ ಒಂದು ಅಂಶ ಇಲ್ಲಿದೆ: ಹಕ್ಕುಸ್ವಾಮ್ಯ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಹಕ್ಕುದಾರರು ತಾವು ವಾಸವಿರುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ಮುಂಬೈ ಕಂಪನಿಯ ಮೇಲೆ ಬಾಗಲಕೋಟೆಯಲ್ಲೇ ಕೇಸು ಹಾಕಲು ಸಾಧ್ಯ. ಗೊತ್ತಿದ್ದೂ ಉಲ್ಲಂಘಿಸುವುದು 63ನೇ ಸೆಕ್ಷನ್‌ನಡಿ ಅಪರಾಧ ಕೂಡ. ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲವಾದರೆ ಕೋರ್ಟ್ ಇದನ್ನು ಇಳಿಸಬಹುದು.

ಬೋರ್ಡಿಂಗ್‌ನವರು ಬರೆದುಕೊಟ್ಟ ಮಾತನ್ನೇ ಮುರಿದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಹೆಚ್ಚು ಸರಳ. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. ದೂರು ಕೊಡಲು ಇರುವ ಅವಧಿ ಎರಡು ವರ್ಷ. ಆದ್ದರಿಂದ ಸಹಿ ಹಾಕಿದ ಫಾರ್ಮಿನ ಒಂದು ಫೋಟೊವನ್ನು ಕೌಂಟರ್‌ನಲ್ಲೇ ತೆಗೆದುಕೊಂಡು, ಹಣ ಕಟ್ಟಿದ ರಸೀದಿಯ ಜತೆ ಅಷ್ಟು ಕಾಲ ಜೋಪಾನವಾಗಿಟ್ಟುಕೊಳ್ಳಿ.